ಡಿಜಿಟಲ್ ವಾಚಿನ ವೇಗ ತಿದ್ದುವ ದಾರಿಗಳು: ಯಾವ ವಾಚಿಗೆ ಯಾವುದು?

ಡಿಜಿಟಲ್ ಕೈಗಡಿಯಾರವೊಂದು ತಿಂಗಳಿಗೆ ಹತ್ತು ಹನ್ನೆರಡು ಸೆಕೆಂಡು ಮುಂದೆ ಹೋಗುತ್ತಿದ್ದರೆ ಅದು ಕೆಟ್ಟಿದೆ ಎಂದು ತಿಳಿಯಬೇಕಾಗಿಲ್ಲ. 1989ರಲ್ಲಿ ಬಂದು ಇಂದಿಗೂ ಮಾರಾಟವಾಗುತ್ತಿರುವ ಕ್ಯಾಸಿಯೊ ಎಫ್-91ಡಬ್ಲ್ಯು ಮಾದರಿಗೆ ಕಂಪನಿಯೇ ಹೇಳುವ ಮಿತಿ ತಿಂಗಳಿಗೆ 30 ಸೆಕೆಂಡು ಹಿಂದೆ ಅಥವಾ ಮುಂದೆ. ಜಿ-ಶಾಕ್ ಡಿಡಬ್ಲ್ಯು-5600 ಮಾದರಿಗೆ 15 ಸೆಕೆಂಡು. ಈ ಮಿತಿಯೊಳಗಿರುವ ವಾಚನ್ನು ಸರ್ವೀಸ್ ಸೆಂಟರಿಗೆ ಒಯ್ದರೆ ಅವರ ಲೆಕ್ಕದಲ್ಲಿ ಅದು ಸರಿಯಾಗಿಯೇ ಇರುತ್ತದೆ. ಅದಕ್ಕಿಂತ ನಿಖರವಾದ ಸಮಯ ಬೇಕೆನ್ನುವವರು ಮನೆಯಲ್ಲಿ ತಾವೇ ಪ್ರಯತ್ನಿಸಬೇಕು, ಇಲ್ಲವೇ ವಾಚನ್ನೇ ಬದಲಾಯಿಸಬೇಕು.

ಮನೆಯಲ್ಲಿ ಮಾಡಬಹುದಾದುವು ಹಲವಿವೆ. ಮುಚ್ಚಳ ತೆಗೆಯದೆ ಲೆಕ್ಕಾಚಾರದಿಂದ ಸಮಯ ಹೊಂದಿಸಿಕೊಳ್ಳುವುದು, ವಾಚಿರುವ ಜಾಗದ ಉಷ್ಣತೆಯನ್ನು ಬಳಸಿಕೊಳ್ಳುವುದು, ಒಳಗಿರುವ, ವೇಗ ತಿದ್ದುವ ಟ್ರಿಮ್ಮರ್ ಎಂಬ ಪುಟ್ಟ ಭಾಗವನ್ನು ತಿರುಗಿಸುವುದು, ಟ್ರಿಮ್ಮರ್ ಇಲ್ಲದ ಕಡೆ ಕೆಪಾಸಿಟರ್ (ವಿದ್ಯುತ್ತನ್ನು ಸ್ವಲ್ಪ ಹಿಡಿದಿಡುವ ಭಾಗ) ಬೆಸುಗೆ ಹಾಕುವುದು, ಇಡೀ ಸರ್ಕ್ಯೂಟ್ ಬೋರ್ಡನ್ನೇ ಬದಲಿಸುವುದು. ಇವುಗಳಲ್ಲಿ ಯಾವುದು ಒಳ್ಳೆಯದು ಎಂಬುದು ಮಾಡುವವರ ಕೈಚಳಕಕ್ಕಿಂತ ಹೆಚ್ಚಾಗಿ ವಾಚಿನ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಅವಲಂಬಿಸಿದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ದಿನಕ್ಕೆ ಅರ್ಧ ಸೆಕೆಂಡು ತಪ್ಪದೆ ಮುಂದೆ ಹೋಗುವ ವಾಚು, ಒಂದು ದಿನ ಮುಂದೆ ಇನ್ನೊಂದು ದಿನ ಹಿಂದೆ ಹೋಗುವ ವಾಚಿಗಿಂತ ಎಷ್ಟೋ ಮೇಲು. ತಪ್ಪು ಒಂದೇ ಸಮನಾಗಿದ್ದರೆ ಅದನ್ನು ಕಳೆಯುವುದಕ್ಕೆ ದಾರಿ ಇದ್ದೇ ಇರುತ್ತದೆ.

ವೇಗ ನಿರ್ಧಾರವಾಗುವುದು ಎಲ್ಲಿ

ಕ್ವಾರ್ಟ್ಜ್ ವಾಚಿನ ಒಳಗೆ ಕವೆಯಾಕಾರದ ಪುಟ್ಟ ಸ್ಫಟಿಕವೊಂದು ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ. ಆ ಒಂದು ಎಣಿಕೆಯೇ ಪರದೆಯ ಮೇಲೆ ಬದಲಾಗುವ ಸೆಕೆಂಡು. ಕಂಪನದಲ್ಲಿ ಹತ್ತು ಲಕ್ಷಕ್ಕೆ ಒಂದು ಪಾಲು, ಅಂದರೆ ಒಂದು ಪಿಪಿಎಂ ವ್ಯತ್ಯಾಸವಾದರೂ ದಿನಕ್ಕೆ 0.086 ಸೆಕೆಂಡು, ತಿಂಗಳಿಗೆ ಸುಮಾರು 2.6 ಸೆಕೆಂಡು ಏರುಪೇರಾಗುತ್ತದೆ. ತಿಂಗಳಿಗೆ 30 ಸೆಕೆಂಡು ಎಂಬ ಮಿತಿಯೂ ಕೇವಲ ಹನ್ನೊಂದೂವರೆ ಪಿಪಿಎಂ ಆಸುಪಾಸಿನದು. ಅತಿ ಅಗ್ಗದ ಉಪಕರಣವೊಂದು ಇಷ್ಟು ಸಣ್ಣ ಅಂತರದೊಳಗೆ ವರ್ಷಗಟ್ಟಲೆ ನಡೆಯುತ್ತದೆ ಎಂಬುದು ನನಗೆ ಇಂದಿಗೂ ಗೌರವ ಹುಟ್ಟಿಸುವ ಸಂಗತಿ.

ಸ್ಫಟಿಕಗಳೆಲ್ಲ ಒಂದೇ ಅಚ್ಚಿನಂತೆ ತಯಾರಾಗುವುದಿಲ್ಲವಾದ್ದರಿಂದ ಕಾರ್ಖಾನೆಯಲ್ಲಿ ಪ್ರತಿ ವಾಚನ್ನೂ ತಿದ್ದಬೇಕಾಗುತ್ತದೆ. ಅದಕ್ಕೆ ಎರಡು ಪದ್ಧತಿಗಳಿವೆ. ಹಳೆಯದು ಟ್ರಿಮ್ಮರ್: ಸ್ಫಟಿಕದ ಜೊತೆಗಿರುವ, ತಿರುಗಿಸಬಹುದಾದ ಸಣ್ಣ ಕೆಪಾಸಿಟರ್. ಅದರ ಧಾರಕತೆಯನ್ನು, ಅಂದರೆ ವಿದ್ಯುತ್ತನ್ನು ಹಿಡಿದಿಡುವ ಶಕ್ತಿಯನ್ನು, ಹೆಚ್ಚಿಸಿದರೆ ಕಂಪನ ನಿಧಾನವಾಗುತ್ತದೆ, ಕಡಿಮೆ ಮಾಡಿದರೆ ಚುರುಕಾಗುತ್ತದೆ. 1970 ಮತ್ತು 80ರ ದಶಕಗಳ ಅನೇಕ ಡಿಜಿಟಲ್ ವಾಚುಗಳಲ್ಲಿ ಇದು ಹಿಂಬದಿ ಮುಚ್ಚಳ ತೆಗೆದ ಕೂಡಲೇ ಕಾಣುತ್ತದೆ. ಹೊಸ ಪದ್ಧತಿಯಲ್ಲಿ ತಿರುಗಿಸುವ ಭಾಗವೇ ಇಲ್ಲ. ಸ್ಫಟಿಕವನ್ನು ಬೇಕೆಂದೇ ಸ್ವಲ್ಪ ಚುರುಕಾಗಿ ತಯಾರಿಸಿ, ಕೆಲವು ಸೆಕೆಂಡುಗಳಿಗೊಮ್ಮೆ ಒಂದಷ್ಟು ಕಂಪನಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವಂತೆ ವಾಚಿನ ಎಲೆಕ್ಟ್ರಾನಿಕ್ ಚಿಪ್ಪಿಗೆ ಹೇಳಲಾಗುತ್ತದೆ. ಎಷ್ಟು ಬಿಡಬೇಕೆಂಬ ಸಂಖ್ಯೆ ಬೋರ್ಡಿನ ಮೇಲೆ ಕತ್ತರಿಸಿದ ಗೆರೆಗಳಲ್ಲೋ ಚಿಪ್ಪಿನ ನೆನಪಿನಲ್ಲೋ ಕುಳಿತಿರುತ್ತದೆ, ಅದನ್ನು ಬದಲಿಸಲು ಬಳಕೆದಾರನಿಗೆ ಬಾಗಿಲಿಲ್ಲ. ಹತ್ತು ಸೆಕೆಂಡಿಗೊಮ್ಮೆ ಒಂದು ಕಂಪನ ಬಿಡುವ ಚಿಪ್ಪಾದರೆ ಅದರ ಕನಿಷ್ಠ ಹೆಜ್ಜೆಯೇ ಮೂರು ಪಿಪಿಎಂ, ಅಂದರೆ ತಿಂಗಳಿಗೆ ಸುಮಾರು ಎಂಟು ಸೆಕೆಂಡು. ಅದಕ್ಕಿಂತ ನಯವಾಗಿ ತಿದ್ದುವುದು ಆ ಚಿಪ್ಪಿಗೇ ಸಾಧ್ಯವಿಲ್ಲ.

1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದ ಮೇಲೆ ನಮ್ಮ ಮನೆಗಳಿಗೆ ಬಂದ ಕೀಲಿ ಕೊಡುವ ವಾಚುಗಳಲ್ಲಿ, ಹಿಂಬದಿ ತೆಗೆದು ಬ್ಯಾಲೆನ್ಸ್ ಚಕ್ರದ ಮೇಲಿನ ಪುಟ್ಟ ಕಡ್ಡಿಯನ್ನು ಒಂದು ಕೂದಲೆಳೆಯಷ್ಟು ಸರಿಸಿ ವೇಗ ತಿದ್ದುವುದು ರಿಪೇರಿಯವರ ದಿನನಿತ್ಯದ ಕೆಲಸವಾಗಿತ್ತು. ಎಲ್ಲ ವಾಚಿನೊಳಗೂ ಅಂಥದ್ದೊಂದು ಕಡ್ಡಿ ಇರಲೇಬೇಕೆಂಬ ನಂಬಿಕೆ ಅಲ್ಲಿಂದ ಬಂದದ್ದಿರಬೇಕು. ಇಂದಿನ ಬಹುಪಾಲು ಡಿಜಿಟಲ್ ವಾಚುಗಳಲ್ಲಿ ಅದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಆಯ್ಕೆಗಳನ್ನು ನೋಡಬೇಕು.

ಮೊದಲು ಅಳೆಯಿರಿ

ಯಾವ ದಾರಿ ಹಿಡಿದರೂ ವಾಚು ದಿನಕ್ಕೆ ಎಷ್ಟು ತಪ್ಪುತ್ತದೆ ಎಂಬುದು ಗೊತ್ತಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು. ಅಳೆಯಲು ನಂಬಿಕಸ್ಥ ಸಮಯ ಬೇಕು. ಭಾರತೀಯ ಕಾಲಮಾನವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದರೆ ಎನ್‌ಪಿಎಲ್. ಇಂಟರ್ನೆಟ್ ಮೂಲಕವೂ ಅದರ ಸಮಯ ದೊರೆಯುತ್ತದೆ, ಕಂಪ್ಯೂಟರಿನ ಗಡಿಯಾರವನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು. ಟಿವಿ ಸುದ್ದಿ ವಾಹಿನಿಯ ಮೂಲೆಯಲ್ಲಿ ಕಾಣುವ ಗಡಿಯಾರವನ್ನಾಗಲಿ ಮೊಬೈಲ್ ಆ್ಯಪಿನಲ್ಲಿ ಕೇಳುವ ರೇಡಿಯೊದ ಪಿಪ್ ಸದ್ದನ್ನಾಗಲಿ ನಂಬಬಾರದು, ಏಕೆಂದರೆ ಅವು ನಮ್ಮನ್ನು ತಲುಪುವ ಹೊತ್ತಿಗೆ ಕೆಲವು ಸೆಕೆಂಡುಗಳೇ ಕಳೆದಿರುತ್ತವೆ.

ಎರಡು ಗಡಿಯಾರಗಳನ್ನು ಕಣ್ಣಿನಿಂದಲೇ ಹೋಲಿಸಿದರೆ ಅರ್ಧ ಸೆಕೆಂಡಿನವರೆಗೂ ತಪ್ಪು ಸಹಜ. ಇದಕ್ಕೆ ಒಳ್ಳೆಯ ಪರಿಹಾರ ಮೊಬೈಲಿನ ವಿಡಿಯೊ. ಕಂಪ್ಯೂಟರ್ ಪರದೆಯಲ್ಲಿ ಸೆಕೆಂಡಿನ ಹತ್ತನೇ ಭಾಗವನ್ನೂ ತೋರಿಸುವ ಗಡಿಯಾರವನ್ನು ತೆರೆದು, ಪಕ್ಕದಲ್ಲಿ ವಾಚು ಹಿಡಿದು ಹತ್ತು ಸೆಕೆಂಡು ಚಿತ್ರೀಕರಿಸಿ, ಆಮೇಲೆ ಒಂದೊಂದೇ ಚಿತ್ರವಾಗಿ ಸರಿಸಿ ನೋಡಿ. ಸೆಕೆಂಡಿಗೆ ಮೂವತ್ತು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ, ವಾಚಿನ ಅಂಕಿ ಬದಲಾದ ಗಳಿಗೆಯಲ್ಲಿ ಕಂಪ್ಯೂಟರ್ ಏನು ತೋರಿಸುತ್ತಿತ್ತು ಎಂಬುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸ್ಪಷ್ಟವಾಗಿ ಸಿಗುತ್ತದೆ. ಎಲ್‌ಸಿಡಿ ಅಂಕಿಗಳು ಒಮ್ಮೆಲೇ ಮೂಡದೆ ಮಸುಕಾಗಿ ಕಾಣಿಸಿಕೊಳ್ಳುವುದರಿಂದ, ಹಳೆಯ ಅಂಕಿ ಮಾಸತೊಡಗಿದ ಮೊದಲ ಚಿತ್ರವನ್ನೇ ಪ್ರತಿ ಸಲವೂ ಗುರುತಿಗೆ ಹಿಡಿಯುವುದು ಉತ್ತಮ. ಹತ್ತು ದಿನ ಬಿಟ್ಟು ಇದನ್ನೇ ಮತ್ತೆ ಮಾಡಿ, ವ್ಯತ್ಯಾಸವನ್ನು ಹತ್ತರಿಂದ ಭಾಗಿಸಿ. ಎರಡೂ ಸಲ ಹತ್ತನೇ ಒಂದು ಸೆಕೆಂಡು ತಪ್ಪಿದರೂ ಫಲಿತಾಂಶದಲ್ಲಿ ಉಳಿಯುವ ಅನುಮಾನ ತಿಂಗಳಿಗೆ 0.6 ಸೆಕೆಂಡು ಮಾತ್ರ.

ಈ ಹತ್ತು ದಿನ ವಾಚನ್ನು ಡ್ರಾಯರಿನಲ್ಲಿಡದೆ, ಎಂದಿನಂತೆ ಕೈಗೆ ಕಟ್ಟಿಕೊಂಡೇ ಅಳೆಯಬೇಕು. ಏಕೆಂದರೆ ವಾಚಿನ ವೇಗ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ, ಕೈಮೇಲಿನ ವಾಚಿಗೂ ಮೇಜಿನ ಮೇಲಿನ ವಾಚಿಗೂ ಉಷ್ಣತೆ ಒಂದೇ ಅಲ್ಲ.

ಮುಚ್ಚಳ ತೆಗೆಯದ ದಾರಿಗಳು

ದಿನಕ್ಕೆ 0.4 ಸೆಕೆಂಡು ಮುಂದೆ ಹೋಗುವ ವಾಚನ್ನು ಒಂದನೇ ತಾರೀಖು ಸರಿಯಾಗಿ ಹೊಂದಿಸಿದರೆ ತಿಂಗಳ ಕೊನೆಗೆ ಅದು 12 ಸೆಕೆಂಡು ಮುಂದಿರುತ್ತದೆ. ಅದೇ ವಾಚನ್ನು ಒಂದನೇ ತಾರೀಖು ಆರು ಸೆಕೆಂಡು ಹಿಂದೆ ಇಟ್ಟರೆ ಹದಿನೈದರ ಸುಮಾರಿಗೆ ಸರಿಯಾದ ಸಮಯಕ್ಕೆ ಬಂದು, ತಿಂಗಳ ಕೊನೆಗೆ ಆರು ಸೆಕೆಂಡು ಮುಂದೆ ಇರುತ್ತದೆ. ತಿಂಗಳಿಗೊಮ್ಮೆಯೇ ಮುಟ್ಟಿದರೂ ತಪ್ಪು ಅರ್ಧಕ್ಕೆ ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿದರೆ ಮೂರು ಸೆಕೆಂಡಿಗಿಂತ ಹೆಚ್ಚು ತಪ್ಪುವುದಿಲ್ಲ.

ಇದನ್ನು ಮಾಡುವುದು ಸುಲಭ. ಎಫ್-91ಡಬ್ಲ್ಯು ವಾಚಿನಲ್ಲಿ ಎಡಬದಿಯ ಕೆಳಗಿನ ಗುಂಡಿಯನ್ನು ಮೂರು ಸಲ ಒತ್ತಿದರೆ ಅಲಾರಾಂ, ಸ್ಟಾಪ್‌ವಾಚ್ ದಾಟಿ ಸಮಯ ಹೊಂದಿಸುವ ಸ್ಥಿತಿಗೆ ಬಂದು ಸೆಕೆಂಡಿನ ಅಂಕಿಗಳು ಮಿಟುಕತೊಡಗುತ್ತವೆ. ಆಗ ಬಲಬದಿಯ ಗುಂಡಿ ಒತ್ತಿದ ಕ್ಷಣಕ್ಕೆ ಸೆಕೆಂಡು ಸೊನ್ನೆಯಾಗುತ್ತದೆ. ಒತ್ತುವಾಗ ಸೆಕೆಂಡು 30 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ನಿಮಿಷ ಒಂದು ಮುಂದಕ್ಕೆ ಹೋಗುತ್ತದೆ, ಕಡಿಮೆಯಿದ್ದರೆ ನಿಮಿಷ ಹಾಗೆಯೇ ಉಳಿಯುತ್ತದೆ. ಆರು ಸೆಕೆಂಡು ಹಿಂದೆ ಇಡಬೇಕೆಂದರೆ ನಿಜವಾದ ಸಮಯ ನಿಮಿಷ ದಾಟಿ ಆರನೇ ಸೆಕೆಂಡಿಗೆ ಬಂದಾಗ ಒತ್ತಬೇಕು. ಮುಂದೆ ಇಡಬೇಕೆಂದರೆ ನಿಮಿಷಕ್ಕೆ ಆರು ಸೆಕೆಂಡು ಮೊದಲೇ, ಅಂದರೆ 54ಕ್ಕೆ ಒತ್ತಬೇಕು. ವಾಚು ಹಿಂದೆ ಬೀಳುವ ಸ್ವಭಾವದ್ದಾದರೆ ಎರಡನೆಯದು ನಿಮ್ಮ ಕ್ರಮ. ಕಂಪನಿಯ ಮಿತಿಯೊಳಗೆ ನಡೆಯುತ್ತಿರುವ ಯಾವ ಹೊಸ ವಾಚಿಗಾದರೂ ನಾನು ಮೊದಲು ಸೂಚಿಸುವುದು ಇದನ್ನೇ. ಖರ್ಚಿಲ್ಲ, ಮುಚ್ಚಳದಡಿ ನೀರು ತಡೆಯುವ ರಬ್ಬರ್ ರಿಂಗ್ ಕೆಡುವುದಿಲ್ಲ, ನೀರು ಒಳಗೆ ಹೋಗುವ ಭಯವಿಲ್ಲ.

ಉಷ್ಣತೆಯ ದಾರಿ ಸ್ವಲ್ಪ ವಿಚಿತ್ರವಾದರೂ ನಿಜ. ವಾಚಿನ ಸ್ಫಟಿಕ ಅತ್ಯಂತ ಚುರುಕಾಗಿ ಕಂಪಿಸುವುದು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಲಿಂದ ಬಿಸಿಯಾದರೂ ನಿಧಾನವಾಗುತ್ತದೆ, ತಂಪಾದರೂ ನಿಧಾನವಾಗುತ್ತದೆ. ನಿಧಾನವಾಗುವ ಪ್ರಮಾಣ ಅಂತರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಾಮಾನ್ಯವಾಗಿ ಡಿಗ್ರಿಯ ವರ್ಗಕ್ಕೆ 0.034 ಪಿಪಿಎಂ. ಹತ್ತು ಡಿಗ್ರಿ ದೂರ ಸರಿದರೆ 3.4 ಪಿಪಿಎಂ, ಅಂದರೆ ತಿಂಗಳಿಗೆ ಸುಮಾರು ಒಂಬತ್ತು ಸೆಕೆಂಡು. ಹದಿನೈದು ಡಿಗ್ರಿ ಸರಿದರೆ ಅದು ಒಂದೂವರೆ ಪಟ್ಟಲ್ಲ, ಎರಡು ಪಟ್ಟಿಗಿಂತ ಹೆಚ್ಚು: ತಿಂಗಳಿಗೆ ಸುಮಾರು ಇಪ್ಪತ್ತು ಸೆಕೆಂಡು. ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿಯ ಕೋಣೆಯಲ್ಲಿ ಬಿಟ್ಟ ವಾಚು, ಮಡಿಕೇರಿಯಲ್ಲಿ ಅದೇ ಹೊತ್ತಿಗೆ 25 ಡಿಗ್ರಿಯಲ್ಲಿರುವ ಅದೇ ಮಾದರಿಯ ವಾಚಿಗಿಂತ ಹಿಂದೆ ಬೀಳುವುದಕ್ಕೆ ಕಾರಣ ಇಷ್ಟೇ.

ಮುಂದೆ ಓಡುವ ವಾಚನ್ನು ರಾತ್ರಿ ಕೈಯಿಂದ ತೆಗೆದು ಬಿಸಿಯಾದ ಅಥವಾ ತಂಪಾದ ಜಾಗದಲ್ಲಿಟ್ಟರೆ ಹಗಲಿನ ಗಳಿಕೆಯಲ್ಲಿ ಸ್ವಲ್ಪ ಕರಗುತ್ತದೆ. ಹಿಂದೆ ಬೀಳುವ ವಾಚಿಗೆ ಈ ಉಪಾಯದಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ 25 ಡಿಗ್ರಿಯಲ್ಲಿ ಸಿಗುವ ವೇಗಕ್ಕಿಂತ ಹೆಚ್ಚಿನದು ಅದಕ್ಕೆ ಎಲ್ಲಿಯೂ ಸಿಗುವುದಿಲ್ಲ. ಋತು ಬದಲಾದಂತೆ ಲೆಕ್ಕವೂ ಬದಲಾಗುವುದರಿಂದ ಇದನ್ನು ತಿದ್ದುಪಡಿ ಎನ್ನುವುದಕ್ಕಿಂತ ಅಭ್ಯಾಸ ಎನ್ನುವುದು ಸರಿ. ಆದರೆ ಇದರಿಂದ ಸಿಗುವ ತಿಳಿವಳಿಕೆ ದೊಡ್ಡದು: ದಿನವೂ ಒಂದೇ ರೀತಿ ಕಟ್ಟಿ, ಒಂದೇ ಜಾಗದಲ್ಲಿ ಬಿಚ್ಚಿಡುವವರ ವಾಚಿನ ತಪ್ಪು ಸ್ಥಿರವಾಗಿರುತ್ತದೆ, ಸ್ಥಿರವಾದ ತಪ್ಪಿಗೆ ಮೇಲೆ ಹೇಳಿದ ಲೆಕ್ಕಾಚಾರ ಚೆನ್ನಾಗಿ ಹೊಂದುತ್ತದೆ.

ಟ್ರಿಮ್ಮರ್ ಇದ್ದರೆ

ತಂದೆಯದೋ ಚಿಕ್ಕಪ್ಪನದೋ ಹಳೆಯ ಡಿಜಿಟಲ್ ವಾಚು ಮನೆಯಲ್ಲಿದ್ದು, ದಿನಕ್ಕೆ ಒಂದೆರಡು ಸೆಕೆಂಡು ತಪ್ಪುತ್ತಿದ್ದರೆ ಮುಚ್ಚಳ ತೆಗೆದು ನೋಡುವುದಕ್ಕೆ ಅರ್ಥವಿದೆ. ವರ್ಷಗಳು ಕಳೆದಂತೆ ಸ್ಫಟಿಕದ ಕಂಪನ ಸರಿಯುತ್ತದೆ, ಜೋರಾಗಿ ಕೆಳಗೆ ಬಿದ್ದ ವಾಚಿನಲ್ಲೂ ಅದು ಬದಲಾಗಬಹುದು; ಟ್ರಿಮ್ಮರ್ ಇರುವುದೇ ಇಂಥದ್ದಕ್ಕೆ. ಮಾಡ್ಯೂಲಿನ (ಕವಚದೊಳಗಿರುವ ವಾಚಿನ ಯಂತ್ರಭಾಗದ) ಅಂಚಿನಲ್ಲಿ ಸ್ಕ್ರೂ ತಲೆಯಂತೆ ಸೀಳಿರುವ, ಒಂದೆರಡು ಮಿಲಿಮೀಟರ್ ಅಗಲದ ದುಂಡನೆಯ ಭಾಗ ಕಂಡರೆ ಅದೇ ಟ್ರಿಮ್ಮರ್. ಮುಚ್ಚಳ ತೆಗೆಯುವಾಗ ಒಂದು ಎಚ್ಚರಿಕೆ ಬೇಕು. ಬೀಪ್ ಸದ್ದು ಮಾಡುವ ತಟ್ಟೆ ಅನೇಕ ವಾಚುಗಳಲ್ಲಿ ಮುಚ್ಚಳದ ಒಳಮೈಗೇ ಅಂಟಿರುತ್ತದೆ, ಅದಕ್ಕೆ ವಿದ್ಯುತ್ ಒಯ್ಯುವ ಕೂದಲಿನಷ್ಟು ತೆಳುವಾದ ಸ್ಪ್ರಿಂಗ್ ಮಾಡ್ಯೂಲಿನ ಒಂದು ತೂತಿನಲ್ಲಿ ಸುಮ್ಮನೆ ನಿಂತಿರುತ್ತದೆ. ವಾಚನ್ನು ಬೋರಲು ಮಾಡಿದರೆ ಅದು ಜಾರಿ ನೆಲ ಸೇರುತ್ತದೆ, ಆಮೇಲೆ ವಾಚು ಮೂಕ. ಬಿಳಿಯ ಬಟ್ಟೆ ಹಾಸಿಕೊಂಡು, ಅದರ ಮೇಲೆಯೇ ಕೆಲಸ ಮಾಡಬೇಕು.

ತಿರುಗಿಸುವ ಮೊದಲು ಸೀಳು ಯಾವ ದಿಕ್ಕಿಗಿದೆ ಎಂದು ಹತ್ತಿರದಿಂದ ಒಂದು ಫೋಟೊ ತೆಗೆದುಕೊಳ್ಳಿ. ಲೋಹದ ಸ್ಕ್ರೂ ಡ್ರೈವರ್ ತಾಗಿದೊಡನೆ ಅದೇ ಧಾರಕತೆಯನ್ನು ಸೇರಿಸಿ ಕಂಪನವನ್ನು ಬದಲಿಸುತ್ತದೆ. ರೇಡಿಯೊ ರಿಪೇರಿಯವರು ಬಳಸುವ ಪ್ಲಾಸ್ಟಿಕ್ ತುದಿಯ ಸಣ್ಣ ಸ್ಕ್ರೂ ಡ್ರೈವರ್ ಇದಕ್ಕೆ ಸರಿ, ಬೆಂಗಳೂರಿನವರು ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ವಿಚಾರಿಸಬಹುದು. ಟ್ರಿಮ್ಮರಿಗೆ ಕೊನೆಯ ತಡೆ ಇರುವುದಿಲ್ಲ. ಅರ್ಧ ಸುತ್ತಿನಲ್ಲಿ ಅತಿ ಚುರುಕಿನಿಂದ ಅತಿ ನಿಧಾನಕ್ಕೆ ಹೋಗಿ, ಉಳಿದರ್ಧದಲ್ಲಿ ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಆದ್ದರಿಂದ ಬಲಕ್ಕೆ ತಿರುಗಿಸಿದರೆ ವೇಗ ಹೆಚ್ಚುತ್ತದೆ ಎಂಬ ನಿಯಮವೇನೂ ಇಲ್ಲ. ಮೊದಲ ಸಲ ಗಡಿಯಾರದ ನಿಮಿಷದ ಮುಳ್ಳು ಒಂದು ನಿಮಿಷದಲ್ಲಿ ಸರಿಯುವಷ್ಟೇ ತಿರುಗಿಸಿ, ಮುಚ್ಚಳ ಹಾಕಿ, ಎರಡು ದಿನ ಕಟ್ಟಿ ನೋಡಿ. ದಿನಕ್ಕೆ 0.9 ಸೆಕೆಂಡು ಮುಂದಿದ್ದ ವಾಚು ಈಗ 0.3 ಸೆಕೆಂಡು ಹಿಂದೆ ಬೀಳುತ್ತಿದೆ ಎಂದುಕೊಳ್ಳೋಣ. ಒಟ್ಟು ಬದಲಾವಣೆ 1.2, ಹೆಚ್ಚಾದದ್ದು 0.3. ತಿರುಗಿಸಿದ್ದರ ಕಾಲು ಭಾಗದಷ್ಟು ಹಿಂದಕ್ಕೆ ತಂದರೆ ಸರಿಯಾದ ಜಾಗದ ತೀರ ಹತ್ತಿರ ಬಂದಂತೆ. ಹಳೆಯ ಟ್ರಿಮ್ಮರಿನ ಪಿಂಗಾಣಿ ಒಡೆಯಬಹುದಾದ್ದರಿಂದ ಒತ್ತಿ ತಿರುಗಿಸಬಾರದು, ಬಿಗಿಯಾಗಿ ಕುಳಿತಿದ್ದರೆ ಬಿಟ್ಟುಬಿಡುವುದೇ ಕ್ಷೇಮ.

ವಾಚಿನ ಪರದೆಯ ಮೇಲೆ ಹಿಡಿದು ಅದರ ವಿದ್ಯುತ್ ಮಿಡಿತವನ್ನು ಅಳೆಯುವ ವಾಚ್ ಟೈಮರ್ ಯಂತ್ರಗಳು ಸಿಗುತ್ತವೆ, ಅವುಗಳಿಂದ ಟ್ರಿಮ್ಮರ್ ವಾಚುಗಳನ್ನು ಕೆಲವೇ ಕ್ಷಣಗಳಲ್ಲಿ ತಿದ್ದಬಹುದು. ಕಂಪನ ಬಿಡುವ ಹೊಸ ಪದ್ಧತಿಯ ವಾಚಿಗೆ ಮಾತ್ರ ಆ ಅಳತೆ ದಾರಿ ತಪ್ಪಿಸುತ್ತದೆ. ಬಿಡುವ ಗಳಿಗೆ ಅಳತೆಯ ಅವಧಿಯೊಳಗೆ ಬರದಿದ್ದರೆ ಸರಿಯಾಗಿರುವ ವಾಚೇ ಬಹಳ ಮುಂದೆ ಓಡುತ್ತಿರುವಂತೆ ಯಂತ್ರ ತೋರಿಸುತ್ತದೆ.

ಟ್ರಿಮ್ಮರ್ ಇಲ್ಲದಿದ್ದರೆ

ತಂತಿ ಎರಡನ್ನು ಹೆಣೆದು ಮಾಡಿದ ಅತಿ ಸಣ್ಣ ಕೆಪಾಸಿಟರನ್ನು ಸ್ಫಟಿಕದ ಕಾಲುಗಳಿಗೆ ಬೆಸೆದು ವೇಗ ತಗ್ಗಿಸುವ ಹವ್ಯಾಸಿಗಳಿದ್ದಾರೆ. ತತ್ವ ಸರಿಯಾಗಿದೆ, ಕೆಲಸವೂ ಆಗುತ್ತದೆ. ಆದರೆ ಇದರಿಂದ ವಾಚು ನಿಧಾನವಾಗಬಹುದೇ ಹೊರತು ಚುರುಕಾಗದು. ಬೆಸುಗೆಯ ಬಿಸಿಗೆ ಸ್ಫಟಿಕವೇ ಕೆಡಬಹುದು, ಮಾಡ್ಯೂಲಿನೊಳಗೆ ಹೆಚ್ಚುವರಿ ತಂತಿಗೆ ಜಾಗವೂ ಇರುವುದಿಲ್ಲ. ತಿಂಗಳಿಗೆ ಹತ್ತು ಸೆಕೆಂಡಿನ ಆಸೆಗೆ ನಡೆಯುತ್ತಿರುವ ವಾಚನ್ನು ಹೀಗೆ ಪಣಕ್ಕಿಡುವುದು ನನಗೆ ಒಪ್ಪಿಗೆಯಿಲ್ಲ.

ಎಲೆಕ್ಟ್ರಾನಿಕ್ಸ್ ಮತ್ತು ಪ್ರೋಗ್ರಾಮಿಂಗ್ ಇಷ್ಟಪಡುವವರಿಗೆ ಬೋರ್ಡ್ ಬದಲಿಸುವ ದಾರಿ ಹೆಚ್ಚು ಫಲ ಕೊಡುತ್ತದೆ. ಎಫ್-91ಡಬ್ಲ್ಯು ವಾಚಿಗಾಗಿಯೇ ರೂಪಿಸಿದ ಸೆನ್ಸರ್ ವಾಚ್ ಎಂಬ ಮುಕ್ತ ವಿನ್ಯಾಸದ ಬೋರ್ಡಿದೆ. ಮೂಲ ಪರದೆ, ಗುಂಡಿ, ಕವಚ ಎಲ್ಲವನ್ನೂ ಉಳಿಸಿಕೊಂಡು ಒಳಗಿನ ಬೋರ್ಡನ್ನು ಮಾತ್ರ ಬದಲಿಸಲಾಗುತ್ತದೆ. ಅದರ ತಂತ್ರಾಂಶದಲ್ಲಿ ಸ್ಫಟಿಕದ ತಪ್ಪನ್ನು ಅಂಕಿಯಾಗಿ ತುಂಬಿಸಿ ತಿದ್ದುವ ಸೌಲಭ್ಯವೂ, ಉಷ್ಣತೆಗೆ ತಕ್ಕಂತೆ ತಾನೇ ಸರಿಪಡಿಸಿಕೊಳ್ಳುವ ಸೌಲಭ್ಯವೂ ಇವೆ. ಮೇಲೆ ಹೇಳಿದ 25 ಡಿಗ್ರಿಯ ಲೆಕ್ಕವನ್ನು ವಾಚು ತಾನೇ ಮಾಡುತ್ತದೆ ಎಂದರ್ಥ. ಟ್ರಿಮ್ಮರ್ ಒಂದು ಉಷ್ಣತೆಯಲ್ಲಿ ಮಾತ್ರ ಸರಿಮಾಡಬಲ್ಲದು. ಈ ದಾರಿ ಚಳಿಗಾಲ ಬೇಸಿಗೆ ಎರಡಕ್ಕೂ ಒಗ್ಗುತ್ತದೆ. ಆದರೆ ಬೋರ್ಡಿನ ಖರ್ಚು ವಾಚಿನ ಬೆಲೆಯನ್ನು ಮೀರುತ್ತದೆ, ವಿದೇಶದಿಂದ ತರಿಸಿಕೊಳ್ಳುವ ತಾಪತ್ರಯವೂ ಇದೆ. ಕಲಿಯುವ ಸಂತೋಷಕ್ಕಾಗಿ ಇದನ್ನು ಮಾಡುವುದಾದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ವಾಚನ್ನೇ ಬದಲಿಸುವುದಾದರೆ

ರೇಡಿಯೊ ಸಂಕೇತದಿಂದ ತಾನೇ ಸಮಯ ಹೊಂದಿಸಿಕೊಳ್ಳುವ ವಾಚುಗಳನ್ನು ಭಾರತದಲ್ಲಿದ್ದುಕೊಂಡು ಆ ಗುಣಕ್ಕಾಗಿಯೇ ಕೊಳ್ಳಬೇಡಿ. ಅಂಥ ದೀರ್ಘ ತರಂಗದ ಕೇಂದ್ರಗಳಿರುವುದು ಜರ್ಮನಿ, ಬ್ರಿಟನ್, ಅಮೆರಿಕ, ಜಪಾನ್ ಮತ್ತು ಚೀನಾಗಳಲ್ಲಿ. ಚೀನಾದ ಸಂಕೇತಕ್ಕೆ ಕ್ಯಾಸಿಯೊ ಹೇಳುವ ವ್ಯಾಪ್ತಿ ಸುಮಾರು 1,500 ಕಿಲೋಮೀಟರ್, ಬೆಂಗಳೂರು ಅದರಿಂದ ಬಹಳ ಆಚೆ ಉಳಿಯುತ್ತದೆ. ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಅತ್ಯುತ್ತಮ ಆಯ್ಕೆ. ಫ್ರಾಂಕ್‌ಫರ್ಟ್ ಬಳಿಯ ಮೈನ್‌ಫ್ಲಿಂಗೆನ್ ಕೇಂದ್ರದ ಡಿಸಿಎಫ್77 ಸಂಕೇತವನ್ನು ವಾಚು ರಾತ್ರಿ ಕಿಟಕಿಯ ಬಳಿ ಹಿಡಿದುಕೊಂಡು ಬೆಳಗ್ಗೆ ಸರಿಯಾದ ಸಮಯ ತೋರಿಸುತ್ತದೆ. ಅದೇ ವಾಚನ್ನು ರಜೆಗೆ ಊರಿಗೆ ತಂದರೆ ಸಂಕೇತವಿಲ್ಲದೆ ಸಾಮಾನ್ಯ ಕ್ವಾರ್ಟ್ಜ್ ವಾಚಿನಂತೆ ತಿಂಗಳಿಗೆ ಕೆಲವು ಸೆಕೆಂಡು ತಪ್ಪುತ್ತದೆ, ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಕರ್ನಾಟಕದಲ್ಲಿರುವವರಿಗೆ ಬ್ಲೂಟೂತ್ ಮಾದರಿಗಳೇ ಸೂಕ್ತ. ಜಿ-ಶಾಕ್ ಜಿಡಬ್ಲ್ಯು-ಬಿ5600ರಂಥ ವಾಚು ಮೊಬೈಲಿನ ಆ್ಯಪಿಗೆ ಜೋಡಿಸಿಕೊಂಡು ದಿನಕ್ಕೆ ನಾಲ್ಕು ಬಾರಿ ತಾನೇ ಸಮಯ ಹೊಂದಿಸಿಕೊಳ್ಳುತ್ತದೆ. ಒಂದು ಹೊಂದಾಣಿಕೆಗೂ ಇನ್ನೊಂದಕ್ಕೂ ನಡುವಿನ ಕೆಲವು ಗಂಟೆಗಳಲ್ಲಿ ಅದು ತಪ್ಪುವುದು ಕಣ್ಣಿಗೆ ಕಾಣದಷ್ಟು. ಸೆಕೆಂಡು ಸರಿಯಿರಬೇಕು, ಆದರೆ ಅಳೆಯುವ ತಿದ್ದುವ ಗೊಡವೆ ಬೇಡ ಎನ್ನುವವರು ಇದನ್ನೇ ಆರಿಸಿಕೊಳ್ಳಲಿ.

ಕೈಯಲ್ಲಿರುವ ವಾಚನ್ನೇ ಮುಂದುವರಿಸುವವರು ಮುಚ್ಚಳ ತೆಗೆಯುವ ಕೆಲಸವನ್ನು ಸೆಲ್ ಬದಲಿಸುವ ದಿನಕ್ಕೆ ಮೀಸಲಿಡುವುದು ಒಳ್ಳೆಯದು. ಎಫ್-91ಡಬ್ಲ್ಯು ಬಳಸುವ ಸಿಆರ್2016 ಸೆಲ್ ಸುಮಾರು ಏಳು ವರ್ಷ ಬಾಳುತ್ತದೆ. ಅಂದೇ ಟ್ರಿಮ್ಮರ್ ಇದೆಯೇ ಎಂದು ನೋಡಿ, ರಬ್ಬರ್ ರಿಂಗಿಗೆ ತೆಳುವಾಗಿ ಸಿಲಿಕಾನ್ ಗ್ರೀಸ್ ಸವರಿ, ಹೊಸ ಸೆಲ್ ಹಾಕಿದ ಮೇಲೆ ಕ್ಯಾಸಿಯೊ ವಾಚಾದರೆ ಎಸಿ ಎಂದು ಬರೆದಿರುವ ಬಿಂದುವನ್ನು ಚಿಮಟದಿಂದ ಸೆಲ್ಲಿನ ಮೇಲ್ಮೈಗೆ ಎರಡು ಸೆಕೆಂಡು ಜೋಡಿಸಿ ರೀಸೆಟ್ ಮಾಡಬೇಕು. ಹೊಸ ಸ್ಫಟಿಕ ಹೆಚ್ಚಾಗಿ ಸರಿಯುವುದು ಮೊದಲ ವರ್ಷದಲ್ಲಿ. ಆದ್ದರಿಂದ ಹೊಸ ವಾಚು ಕೊಂಡವರು ಮೊದಲ ತಿಂಗಳ ಅಳತೆಯನ್ನೇ ನೆಚ್ಚಿಕೊಳ್ಳದೆ, ವರ್ಷ ತುಂಬಿದ ಮೇಲೆ ಅದೇ ಋತುವಿನಲ್ಲಿ ಇನ್ನೊಮ್ಮೆ ಹತ್ತು ದಿನ ಅಳೆದು, ಆ ಸಂಖ್ಯೆಯನ್ನು ಮುಂದಿನ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.